ಆರು ತಿಂಗಳ ಗ್ಯಾರಂಟಿ

ಬ್ಯಾಟರಿ ಎಂಟು ಪರ್ಸೆಂಟ್!

ಅಂಗೈಯಲ್ಲಿ ಫೋನು ಕೆಂಡದ ಹಾಗೆ ಸುಡುತ್ತಿತ್ತು. ಆಟೊದ ಹಿಂದೆ ಬಿಳಿ ಕಾರು. ನಾವು ತಿರುಗಿದಲ್ಲೆಲ್ಲ ಅದೂ ತಿರುಗುತ್ತಿತ್ತು.

"ಚೇಟ್ಟಾ, ಆ ಕಾರು ನಮ್ಮ ಹಿಂದೇನೇ ಇದೆ!" ಆಟೊ ಓಡಿಸುತ್ತಿದ್ದ ಇರ್ಫಾನ್ ಕನ್ನಡಿ ನೋಡಿಕೊಂಡು ಮಲಯಾಳದಲ್ಲಿ ಕೂಗಿದ.

"ಇರಲಿ. ತುಂಬ ಊರಿನ ಕಡಲ ದಂಡೆಗೆ ಹೊಡಿ. ಅವನ ಕೈಗೆ ಸಿಗಬಾರದು. ಅವನ ಕಣ್ಣು ತಪ್ಪಲೂ ಬಾರದು."

"ಅದ್ಯಾವ ಸ್ಪೀಡು, ಚೇಟ್ಟಾ?"

"ಮದುವೆ ದಿಬ್ಬಣದ ಸ್ಪೀಡು!"

ಅವನು ನಕ್ಕ. ನನಗೆ ನಗು ಬರಲಿಲ್ಲ. ಆ ಫೋನು ನಮ್ಮ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು...

ನಾನು ಹಾಲಪ್ಪ, ಸಾರ್. ರಾಣೆಬೆನ್ನೂರು ಕಡೆಯ ಹಳ್ಳಿಯವನು. ಊರ ಶಾಲೆಯಲ್ಲಿ ಏಳನೇ ಕ್ಲಾಸು. ಇಪ್ಪತ್ತು ವರ್ಷದಿಂದ ಫೋರ್ಟ್ ಕೊಚ್ಚಿಯಲ್ಲಿ ಮೊಬೈಲ್ ರಿಪೇರಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ಕೆಲಸಕ್ಕೆ ಕೂತರೆ ಕೈ ತಪ್ಪುವುದಿಲ್ಲ.

ಅವತ್ತಿನವರೆಗೆ ತಪ್ಪಿರಲಿಲ್ಲ!

ಹಿಂದಿನ ದಿನ ವಾರಿಜಾ ವಕೀಲರು ಫೋನ್ ಮಾಡಿದ್ದರು. ಕಾಸರಗೋಡಿನವರು. ತಿರುವನಂತಪುರದ ಕಳಕ್ಕೂಟಂನಲ್ಲಿ ಮನೆ, ಮನೆಯ ಮುಂದೆಯೇ ಆಫೀಸು.

"ಹಾಲಪ್ಪ, ಒಮ್ಮೆ ಬನ್ನಿ ಮಾರಾಯ್ರೆ. ಇಲ್ಲೊಂದು ಹುಡುಗಿ ಉಂಟು, ನಮ್ಮ ಕನ್ನಡದವಳೇ. ಅಪ್‌ಡೇಟ್ ಆದ ಮೇಲೆ ಅವಳ ಫೋನ್ ಹಾಳು. ಸರ್ವಿಸ್ ಸೆಂಟರಿನವರು ಫ್ಯಾಕ್ಟರಿ ರಿಸೆಟ್ ಮಾಡಿ, ಒಳಗಿರುವುದೆಲ್ಲ ಅಳಿಸಿ ಅಂತಾರೆ. ನನಗೆ ಯಾಕೋ ಡೌಟು."

ಬೆಳಗಿನ ರೈಲು ಹಿಡಿದು ಹೋದೆ.

ಹುಡುಗಿಯ ಹೆಸರು ತನ್ವಿ. ಬೆಂಗಳೂರಿನವಳು, ಐಟಿ ಪಾರ್ಕಿನಲ್ಲಿ ಕೆಲಸ. ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದಳು.

"ಬೆಳಗ್ಗೆ ಹಂಡ್ರೆಡ್ ಪರ್ಸೆಂಟ್ ಇರುತ್ತೆ ಅಂಕಲ್. ಹತ್ತು ಗಂಟೆಗೆ ಸತ್ತು ಬಿದ್ದಿರುತ್ತೆ. ಮುಟ್ಟಿದ್ರೆ ಹ್ಯಾಂಗ್! ಆದ್ರೆ ಪ್ರಾಬ್ಲಮ್ ಅದಲ್ಲ..."

ಮುಂದಿನದನ್ನು ವಾರಿಜಾ ಹೇಳಿದರು.

"ಗಂಡ ಹೊಡೀತಾನೆ. ಬಿಟ್ಟು ಬಂದಳು. ಮೂರು ಹಾಸ್ಟೆಲ್ ಬದಲಾಯಿಸಿದಳು. ಮೂರಕ್ಕೂ ಅವ ಬಂದು ಗೇಟಲ್ಲಿ ನಿಂತ! ಇವಳೇ ಕರೆದದ್ದು ಅಂತ ಕೋರ್ಟಲ್ಲಿ ಹೇಳ್ತಾನೆ. ಸೋಮವಾರ ಹಿಯರಿಂಗ್. ಅವನು ಹತ್ತಿರ ಬಾರದ ಹಾಗೆ ಆರ್ಡರ್ ಬೇಕು ಅಂದ್ರೆ ಪ್ರೂಫ್ ಬೇಕು."

"ಫ್ರೆಂಡ್ ಹತ್ರ ಮೆಲ್ಲಗೆ ಹೇಳಿದ್ದನ್ನೂ ಅವನು ಮಾರನೇ ದಿನ ಮೆಸೇಜ್ ಮಾಡ್ತಿದ್ದ" ಎಂದಳು ತನ್ವಿ. "ರೂಮಲ್ಲಿ ಯಾರೂ ಇರಲ್ಲ. ಆದ್ರೂ ಯಾರೋ ಇದಾರೆ... ನಂಗೇ ಹುಚ್ಚು ಹಿಡೀತಿದೆ ಅನ್ಕೊಂಡೆ."

ನಾನು ಫೋನ್ ತೆಗೆದುಕೊಂಡೆ. ಬ್ಯಾಟರಿ ಯಾವುದಕ್ಕೆ ಎಷ್ಟು ಖರ್ಚಾಗಿದೆ ನೋಡಿದೆ. ಎಲ್ಲಕ್ಕಿಂತ ಮೇಲೆ 'ಸಿಸ್ಟಂ ಕೇರ್' ಎಂಬ ಹೆಸರು. ಅರವತ್ತನಾಲ್ಕು ಪರ್ಸೆಂಟ್! ಆ ಕಂಪನಿಯ ಫೋನಿನಲ್ಲಿ ಅಂಥ ಸಾಮಾನೇ ಬರುವುದಿಲ್ಲ.

ಸೇಫ್ ಮೋಡಿಗೆ ಹಾಕಿದೆ. ಹೊರಗಿನಿಂದ ಹಾಕಿದ ಆಪ್‌ಗಳೆಲ್ಲ ಆಗ ಮಲಗುತ್ತವೆ. ಹತ್ತು ನಿಮಿಷದಲ್ಲಿ ಫೋನು ತಣ್ಣಗಾಯಿತು. ಹ್ಯಾಂಗೂ ಇಲ್ಲ.

"ಬ್ಯಾಟರಿ ಚಲೋ ಐತಿ, ಫೋನೂ ಚಲೋ ಐತಿ. ಒಳಗೊಬ್ಬ ಕಳ್ಳ ಕುಂತಾನ" ಎಂದೆ. "ನೀನು ಎಲ್ಲಿದ್ದಿ ಅಂತ ಹೇಳ್ತಾನ. ಏನು ಮಾತಾಡಿದಿ ಅಂತ ರೆಕಾರ್ಡ್ ಮಾಡಿ ಕಳಿಸ್ತಾನ. ಹೊಸ ಅಪ್‌ಡೇಟ್ ಅವನ ಕಾಲು ಮುರದೈತಿ. ಮಾತು ಆಚೆ ಕಳಿಸಾಕ ಆಗವಲ್ಲದು, ಜಾಗ ಅಷ್ಟ ಹೇಳ್ತಾನ. ಬೀಳ್ತಾನ, ಏಳ್ತಾನ, ಮತ್ತ ಬೀಳ್ತಾನ... ಅದಕ್ಕ ಬ್ಯಾಟರಿ ಖಾಲಿ. ಕದ್ದ ಮಾತೆಲ್ಲ ಇಲ್ಲೇ ತುಂಬಿ ಹ್ಯಾಂಗು."

ತನ್ವಿ ಬಾಯಿಗೆ ಕೈ ಇಟ್ಟುಕೊಂಡಳು. "ಹಾಗಾದ್ರೆ ನಂಗೆ ಹುಚ್ಚಲ್ಲ?"

"ಅಲ್ಲವಾ, ತಂಗಿ."

"ಯಾರು ಹಾಕಿದ್ದು ಅದನ್ನು?" ವಾರಿಜಾ ಕೇಳಿದರು.

"ಫೋನು ಕೈಗೆ ಸಿಕ್ಕಿರಬೇಕು, ಪಿನ್ ಗೊತ್ತಿರಬೇಕು. ಯಾರ ಕೈಗರ ಕೊಟ್ಟಿದ್ದೇನು?"

"ಇಲ್ಲ... ಹಾಂ! ಫೋರ್ಟ್ ಕೊಚ್ಚಿಗೆ ಟೂರ್ ಹೋದಾಗ ಡಿಸ್‌ಪ್ಲೇ ಒಡೆದಿತ್ತು. ನಾನು ಹೋಟೆಲಲ್ಲೇ ಇದ್ದೆ. ನನ್ನ ಗಂಡ ಸಮರ್ಥ್ ಯಾವನೋ ಲೋಕಲ್ ರಿಪೇರಿಯವನ ಹತ್ರ ಮಾಡಿಸ್ಕೊಂಡು ಬಂದ."

ಫೋರ್ಟ್ ಕೊಚ್ಚಿಯಲ್ಲಿ ರಿಪೇರಿ ಅಂಗಡಿಗಳಿಗೇನು ಬರವೇ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಬ್ಯಾಟರಿ ಉಬ್ಬಿದೆಯೋ ನೋಡುವ ನೆಪದಲ್ಲಿ ಹಿಂದಿನ ಕವರ್ ಬಿಚ್ಚಿದೆ.

ನೀಲಿ ಮಾರ್ಕರಿನಲ್ಲಿ ಒಂದೇ ಅಕ್ಷರ. 'ಹಾ'. ಕೆಳಗೆ ತಾರೀಖು. ಎಂಟು ತಿಂಗಳ ಹಿಂದಿನದು.

ನನ್ನ ಅಕ್ಷರ!

ಬಿಚ್ಚಿದ ಪ್ರತಿ ಫೋನಿನ ಒಳಗೂ ಹಾಗೆ ಬರೆಯುತ್ತೇನೆ. ನಾಳೆ ಯಾರಾದರೂ ಗ್ಯಾರಂಟಿ ಕೇಳಿಕೊಂಡು ಬಂದರೆ ಕೆಲಸ ನನ್ನದೋ ಅಲ್ಲವೋ ಗೊತ್ತಾಗಬೇಕಲ್ಲ.

ಅವತ್ತು ಫೋನ್ ತಂದಿದ್ದವನ ಮುಖ ನೆನಪಾಯಿತು. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದಂಥ ನಗು. 'ಹೆಂಡ್ತಿಗೆ ಮರೆವು ಸಾರ್. ಫೋನ್ ಎಲ್ಲೆಲ್ಲೋ ಬಿಡ್ತಾಳೆ. ಹುಡುಕೋಕೆ ಈ ಆಪ್ ಹಾಕ್ಕೊಡಿ.' ಫೋನ್ ಹುಡುಕಲು ಮೈಕ್ ಯಾಕೆ? ಪ್ರಶ್ನೆ ನಾಲಿಗೆಯವರೆಗೆ ಬಂದಿತ್ತು. ನುಂಗಿದ್ದೆ. ಕನ್ನಡದವನು, ಮರ್ಯಾದಸ್ಥ...

ಆಪ್‌ನ ಫೋಲ್ಡರ್ ತೆರೆದೆ. ಮೊದಲ ಫೈಲು. ಫೋನನ್ನು ಕಿವಿಗೆ ಒತ್ತಿಕೊಂಡೆ.

'ಹಲೋ... ಹಲೋ... ಮೈಕ್ ಟೆಸ್ಟ್. ಚಲೋ ಕೇಳಿಸ್ತದ ನೋಡ್ರಿ ಸರ!'

ಎಂಟು ತಿಂಗಳು ಈ ಹುಡುಗಿಯ ದಿಂಬಿನ ಪಕ್ಕದಲ್ಲಿ ಮಲಗಿದ್ದು ನನ್ನ ಧ್ವನಿ!

ಕವರ್ ಕೈ ತಪ್ಪಿ ನೆಲಕ್ಕೆ ಬಿತ್ತು.

"ಏನಾಯ್ತು, ಹಾಲಪ್ಪ?"

"ಏನಿಲ್ಲ ಮೇಡಂ."

ಆಗಲೇ ವಾರಿಜಾ ಕಿಟಕಿಯ ಆಚೆ ನೋಡಿ ಬೆಚ್ಚಿದರು. "ಬಿಳಿ ಕಾರು... ಅವನೇ!"

ಸೇಫ್ ಮೋಡಿಗೆ ಹಾಕುವ ಮುಂಚೆ ಫೋನು ಕೊನೆಯ ಸಲ ಈ ಮನೆಯನ್ನೇ ತೋರಿಸಿತ್ತು. ತನ್ವಿ ಮೂಲೆಗೆ ಸರಿದಳು.

ಕವರ್ ಎತ್ತಿ ಒತ್ತಿದೆ. ಫೋನನ್ನು ಮಾಮೂಲಿ ಮೋಡಿಗೆ ತಂದೆ. ಕಳ್ಳ ಎದ್ದು ಕೂತ.

"ಬಾಗಿಲು ಹಾಕ್ಕೊಳ್ರಿ. ಅವನು ಫೋನಿನ ಹಿಂದ ಬರ್ತಾನ, ಇಕಿ ಹಿಂದ ಅಲ್ಲ."

ಹಿತ್ತಿಲಿನಿಂದ ಓಡಿ ಸಿಕ್ಕ ಆಟೊ ಹತ್ತಿದೆ. ಅದೇ ಇರ್ಫಾನನ ಆಟೊ.

ತುಂಬ ಊರಿನ ಕಡಲ ದಂಡೆ. ಮಧ್ಯಾಹ್ನದ ಬಿಸಿಲು. ಮರಳಿನ ಮೇಲೆ ದೋಣಿಗಳು, ಬಲೆ ಹೊಲಿಯುವ ನಾಲ್ಕಾರು ಜನ. ಐದು ಪರ್ಸೆಂಟ್.

ಕಾರಿನಿಂದ ಇಳಿದವನು ಅವಳನ್ನು ಹುಡುಕಿದ. ನನ್ನನ್ನು ಕಂಡ. ಮೊದಲು ಗುರುತು ಸಿಗಲಿಲ್ಲ. ಆಮೇಲೆ ಜೋರಾಗಿ ನಕ್ಕ.

"ರಿಪೇರಿ ಅಣ್ಣ! ನೀನಾ? ತನ್ವಿ ಎಲ್ಲಿ?"

"ಮೈಕ್ ಯಾಕ ಬೇಕಾಗಿತ್ತೋ?"

"ನನ್ನ ಹೆಂಡ್ತಿ. ಅವಳು ಉಸಿರಾಡೋದೂ ನಂಗೆ ಕೇಳಿಸ್ಬೇಕು." ಹತ್ತಿರ ಬಂದ. "ಲಿಂಕ್ ಕೊಟ್ಟಿದ್ದು ನಾನು. ಹಾಕಿದ್ದು ನೀನು. ಕೋರ್ಟಿಗೆ ಹೋದ್ರೆ ಇಬ್ರೂ ಒಳಗೆ. ಫ್ಯಾಕ್ಟರಿ ರಿಸೆಟ್ ಒತ್ತು. ನನ್ನ ಹೆಸರೂ ಹೋಗುತ್ತೆ, ನಿನ್ನ ಹೆಸರೂ ಹೋಗುತ್ತೆ."

ಸುಳ್ಳಲ್ಲ. ಒಂದು ಬೆರಳು ಸಾಕು. ಫೋನೂ ಸರಿಹೋಗುತ್ತಿತ್ತು!

ರಿಸೆಟ್ ಪುಟ ತೆರೆದೆ. ಹೌದು ಸಾರ್, ತೆರೆದೆ. ಬೆರಳು ಅದರ ಮೇಲೇ ಇತ್ತು.

ಚಲೋ ಕೇಳಿಸ್ತದ ನೋಡ್ರಿ ಸರ...

ಫೋನನ್ನು ಜೇಬಿಗೆ ಹಾಕಿಕೊಂಡೆ.

ಅವನು ನನ್ನ ಮೇಲೆ ಎರಗಿದ. ಕುತ್ತಿಗೆಗೆ ಕೈ ಹಾಕಿದ. ನಾನು ಹಣೆಯಿಂದಲೇ ಅವನ ಮೂಗಿಗೆ ಗುದ್ದಿದೆ. ಇಬ್ಬರೂ ಮರಳಿಗೆ ಉರುಳಿದೆವು. ಇರ್ಫಾನ್ ಕೂಗಿದ. ಬಲೆ ಬಿಟ್ಟು ಎದ್ದವರು ಸಮರ್ಥನ ಎರಡೂ ತೋಳು ಹಿಡಿದರು.

"ನೀನೂ ಜೈಲಿಗೆ ಹೋಗ್ತೀಯಾ!" ರಕ್ತ ಉಗುಳಿದ.

"ಕೂಡೇ ಹೋಗೋಣು ಬಾ. ನನಗ ಗೊರಕಿ ಭಾಳ. ಕುಂತು ಕೇಳಿಸ್ಕೊ!"

ಒಂದು ಪರ್ಸೆಂಟ್. ಹ್ಯಾಂಗ್. ಕಪ್ಪು ಪರದೆ.

ಪೊಲೀಸರು ಅವನನ್ನು ಕರೆದೊಯ್ದ ಮೇಲೆ ವಾರಿಜಾರ ಮೇಜಿನ ಮೇಲೆ ಫೋನನ್ನು ಚಾರ್ಜಿಗೆ ಇಟ್ಟೆ. ಉಳಿದಿದೆಯೋ, ಹೋಗಿದೆಯೋ... ಸೇಫ್ ಮೋಡಿನಲ್ಲಿ ಎದ್ದಿತು. ಕೊನೆಯ ಫೈಲು ಒತ್ತಿದೆ. ಅಲೆಯ ಸದ್ದು. ಆಮೇಲೆ ಅವನ ಧ್ವನಿ. 'ಲಿಂಕ್ ಕೊಟ್ಟಿದ್ದು ನಾನು...'

ಅವನ ಕಳ್ಳನೇ ಅವನನ್ನು ಹಿಡಿದುಕೊಟ್ಟಿದ್ದ!

"ಪ್ರೂಫ್ ಸಿಕ್ಕಿತು!" ವಾರಿಜಾ ಎದ್ದು ನಿಂತರು. ತನ್ವಿ ಏಳಲಿಲ್ಲ.

"ಹಾಕಿದ್ದು ನೀನು ಅಂತಾನಲ್ಲ... ಯಾರಿಗೆ?"

ನಾನು ಮೊದಲ ಫೈಲು ಒತ್ತಿದೆ. ಈ ಸಲ ವಾಲ್ಯೂಮ್ ಪೂರ್ತಿ. ಕವರ್ ತೆಗೆದು ನೀಲಿ ಅಕ್ಷರ ತೋರಿಸಿದೆ.

ತನ್ವಿ ನೋಡಿದಳು. ಕುರ್ಚಿಯನ್ನು ನನ್ನಿಂದ ಒಂದು ಮೊಳ ದೂರಕ್ಕೆ ಸರಿಸಿಕೊಂಡಳು, ಅಷ್ಟೆ.

"ಸೋಮವಾರ ಸಾಕ್ಷಿ ಹೇಳ್ತೀರಾ?" ವಾರಿಜಾ ಕೇಳಿದರು. "ನಿಮ್ಮ ಮೇಲೂ ಕೇಸ್ ಆಗ್ಬಹುದು."

"ಬರ್ಕೊಳ್ರಿ ಮೇಡಂ. ಹಾಲಪ್ಪ, ಮೊಬೈಲ್ ರಿಪೇರಿ."

ನನ್ನ ಅಂಗಡಿಯ ಬೋರ್ಡಿನ ಮೇಲೆ ಈಗಲೂ ದಪ್ಪ ಅಕ್ಷರದಲ್ಲಿದೆ. ಮಾಡಿದ ಕೆಲಸಕ್ಕೆ ಆರು ತಿಂಗಳ ಗ್ಯಾರಂಟಿ.

ಸುಳ್ಳು, ಸಾರ್. ಎಂಟನೇ ತಿಂಗಳಲ್ಲೂ ನನ್ನ ಕೆಲಸ ಅವಳ ಉಸಿರು ಕೇಳಿಸಿಕೊಳ್ಳುತ್ತಲೇ ಇತ್ತು!