ಮಾಳಿಗೆಗುಡ್ಡೆಯ ನೀರು

ಬಾವಿಕಟ್ಟೆಗೆ ಕಟ್ಟಿದ ಸೊಪ್ಪನ್ನು ಮುಟ್ಟಬೇಡಿ ಎಂದು ಬಾವಿ ಕೆಲಸದ ತ್ಯಾಂಪಣ್ಣ ಇಂಜಿನಿಯರ್ ಕೃಷ್ಣಮೋಹನನಿಗೆ ಮೂರು ಸಲ ಹೇಳಿದ. ಪುತ್ತೂರು ಪೇಟೆಯ ಮೇಲಿನ ಆ ಗುಡ್ಡೆಯಲ್ಲಿ ದುಗ್ಗಮ್ಮ ನಲವತ್ತು ವರ್ಷ ಒಕ್ಕಲಿದ್ದವಳು. ಧಣಿಗಳು ಅವಳನ್ನು ಎಬ್ಬಿಸಿ, ಗುಡ್ಡೆಯನ್ನು ಸೈಟು ಮಾಡಿ ಮಾರಿದರು; ಬಾವಿಯಿದ್ದ ಸೈಟು ಕೃಷ್ಣಮೋಹನನದ್ದಾಯಿತು. ಹೋಗುವಾಗ ಅವಳು ತನ್ನ ಬಾವಿಗೆ ಸೊಪ್ಪು ಕಟ್ಟಿ, ಇದನ್ನು ಬಿಚ್ಚಿದವನ ಗಂಟಲಲ್ಲಿ ನೀರು ಇಳಿಯದಿರಲಿ ಎಂದು ದೈವದ ಆಣೆ ಹಾಕಿ ಅಜ್ಜಾವರದ ಮಗಳ ಮನೆ ಸೇರಿದ್ದಳು.

“ಅವಳೇ ಬಂದು ಬಿಚ್ಚಬೇಕು ಮಾರಾಯ್ರೆ. ಬೇರೆಯವರು ಮುಟ್ಟುದು ಬೇಡ,” ಎಂದ ತ್ಯಾಂಪಣ್ಣ.

ಮದ್ರಾಸಿನಲ್ಲಿ ಓದಿದವನಿಗೆ ಒಣಸೊಪ್ಪಿನ ಹೆದರಿಕೆಯೇ? ನಕ್ಕು, ಕತ್ತರಿಸಿ, ಬಚ್ಚಲೊಲೆಗೆ ಹಾಕಿದ.

ಐವತ್ತೊಂಬತ್ತರ ಬೇಸಗೆ ಅದು. ಹೊಸಮನೆಯ ಒಕ್ಕಲಿನ ದಿನ ಬಂದವರೆಲ್ಲ ಬಾವಿಯ ನೀರನ್ನು ಹೊಗಳಿದರು. ಕೃಷ್ಣಮೋಹನನ ಲೋಟದಿಂದ ಮಾತ್ರ ಕೂದಲು ಸುಟ್ಟ ವಾಸನೆ ಎದ್ದಿತು. ಗಂಟಲು ಮುಚ್ಚಿಕೊಂಡಿತು. ಕಾಫಿ, ಎಳನೀರು, ಪೇಟೆಯ ಸೋಡಾ ಎಲ್ಲವೂ ವಾಪಸು ಬಂದವು. ಮೂರನೇ ದಿನ ನಾಲಗೆ ಮರಗಟ್ಟಿತು. ಕಾರು ಹತ್ತಿ ಅಜ್ಜಾವರಕ್ಕೆ ಹೋದ.

“ಆಣೆ ಬಿಚ್ಚಬಹುದು. ಬಿಸಾಡ್ಲಿಕ್ಕೆ ಆಗುದಿಲ್ಲ,” ಎಂದಳು ದುಗ್ಗಮ್ಮ. “ಗುಡ್ಡೆಯವರದ್ದೇ ಒಂದು ಹೆಸರು ಹೇಳಿ. ಅವರಿಗೆ ಹೋಗ್ತದೆ.”

ತನ್ನ ಜಾಗವನ್ನು ಒಂದು ಗೇಣು ಒತ್ತಿ ಕಂಪೌಂಡು ಕಟ್ಟಿದ ನೆರೆಮನೆಯ ವಕೀಲ ಮಹಾಗಣಪತಿಯ ಹೆಸರು ತಾನಾಗಿ ಬಾಯಿಗೆ ಬಂತು. ವಾಪಸು ಬರುವಾಗ ಪಯಸ್ವಿನಿ ಹೊಳೆಗೆ ಇಳಿದು ಬೊಗಸೆ ಬೊಗಸೆ ಕುಡಿದ. ಸಂಜೆ ಗೋಡೆಯಾಚೆ ವಕೀಲರು ಕಾರುವುದು ಕೇಳಿಸಿತು.

ವಕೀಲರೇನು ಸುಮ್ಮನಿರುವ ಆಸಾಮಿಯೇ? ಅವರ ಕಾರೂ ಅಜ್ಜಾವರಕ್ಕೆ ಓಡಿತು. ಆಮೇಲೆ ಡಾಕ್ಟರದ್ದು, ಆಮೇಲೆ ಏಲಕ್ಕಿ ಸಾಹುಕಾರರದ್ದು. ಇದ್ದದ್ದೇ ಎಂಟು ಮನೆ. ಒಬ್ಬನಾದರೂ ಆ ಮುದುಕಿಗೆ ಅವಳ ನೆಲ ವಾಪಸು ಕೊಡುವ ಮಾತೆತ್ತಬಾರದಿತ್ತೇ? ಓದಿದವರಿಗೆ ಅಷ್ಟು ಹೊಳೆಯಲಿಲ್ಲವೆಂದರೆ ನನಗೆ ಮೈ ಉರಿಯುತ್ತದೆ. ಹೊಳೆದದ್ದು ಕಂಪೌಂಡು ಎತ್ತರಿಸುವುದು, ನೆರೆಯವರನ್ನು ಕಾಫಿಗೆ ಕರೆಯದಿರುವುದು. ಪೇಟೆಯವರು ಅದನ್ನು ದುಡ್ಡಿನ ಗತ್ತು ಎಂದುಕೊಂಡರು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ಕೃಷ್ಣಮೋಹನನ ಐದು ವರ್ಷದ ಮಗಳು ವಸುಮತಿ ಲೋಟ ಕೆಳಗಿಟ್ಟಳು.

“ಅಪ್ಪಾ, ಕೂದಲು ಸುಟ್ಟ ವಾಸನೆ ಬರ್ತದೆ.”

ಯಾರು ಹೇಳಿದರು? ಮಗುವಿನ ಹೆಸರನ್ನು ಯಾರು ಹೇಳಿದರು? ಕೇಳಲು ಹೊತ್ತಿಲ್ಲ. ಎತ್ತಿಕೊಂಡ. ಕಾರು ಹತ್ತಿದ. ಧೂಳು. ಬಿಸಿಲು. ಹಿಂದಿನ ಸೀಟಿನಲ್ಲಿ ಮಗು ಓಕರಿಸುತ್ತಿತ್ತು. ದುಗ್ಗಮ್ಮನಿಗೆ ಹೇಳಲೆಂದು ದಾರಿಯುದ್ದಕ್ಕೂ ಡಾಕ್ಟರ ಹೆಸರನ್ನೇ ಜಪಿಸಿದ.

ಅಜ್ಜಾವರದ ಜಗಲಿಯಲ್ಲಿ ದುಗ್ಗಮ್ಮನ ಮಗಳು ಕಮಲಾವತಿ ಒದ್ದೆಗೂದಲಲ್ಲಿ ಕೂತಿದ್ದಳು. ನಿನ್ನೆ ಸಂಜೆ ಅಮ್ಮ ಹೋದರು, ಈಗಷ್ಟೇ ಸುಟ್ಟು ಬಂದೆವು ಎಂದಳು.

“ನನ್ನದೇ ಹೆಸರು ಹೇಳ್ತೇನೆ,” ಎಂದ ಕೃಷ್ಣಮೋಹನ. “ನನಗೇ ವಾಪಸು ಹಾಕಿ.”

“ಕಟ್ಟಿದವರೇ ಬಿಚ್ಚಬೇಕಲ್ಲ. ನನಗೆ ಎಂತ ಗೊತ್ತುಂಟು?”

ಒಳಗಿನಿಂದ ಒಂದು ಚೆಂಬು ನೀರು ತಂದಳು. ಮಗು ಮುಖ ತಿರುಗಿಸಿತು. ಅವನೇ ಚೆಂಬು ಎತ್ತಿದ. ಇಳಿಯದಿರಲಿ, ಇಳಿಯದಿರಲಿ ಎಂದು ಬೇಡುತ್ತ ಬಾಯಿಗೆ ಹೊಯ್ದುಕೊಂಡ. ತಣ್ಣಗೆ ಇಳಿಯಿತು.