ನೀರಿನ ಮೇಲೆ ಹತ್ತೇ ಅಡಿ

ಢಂ!

ಬಲಗಡೆಯ ಎಂಜಿನ್ ಕೆಮ್ಮಿತು. ಕಪ್ಪು ಹೊಗೆ ಕಾರಿತು. ಸುಮ್ಮನಾಯಿತು.

ಕೆಳಗೆ ದ್ವೀಪದ ದಂಡೆಯಲ್ಲಿ ಕಂಟ್ರಾಕ್ಟರನ ಕಡೆಯವರು ರೈಫಲ್ ಎತ್ತಿ ಕುಣಿಯುತ್ತಿದ್ದರು.

ವಿಮಾನ ಓಡಿಸುತ್ತಿದ್ದವಳು ನನ್ನ ಅತ್ತಿಗೆ. ದ್ವೀಪಗಳಿಗೆ ಟಪಾಲು ಸಾಗಿಸುವ ಪುಟ್ಟ ವಿಮಾನ, ಎರಡೇ ಎಂಜಿನ್. ಹಿಂದಿನ ಸೀಟಿನಲ್ಲಿ ಗಾರೆ ಮೇಸ್ತ್ರಿ. ಸೇತುವೆ ಕಟ್ಟಿಸುತ್ತಿದ್ದ ಕಂಟ್ರಾಕ್ಟರ್ ತನ್ನ ಎಂಜಿನಿಯರನನ್ನೇ ಕೊಂದದ್ದನ್ನು ಕಣ್ಣಾರೆ ಕಂಡವನು. ಮಧ್ಯಾಹ್ನ ಮೂರು ಗಂಟೆಯೊಳಗೆ ಅವನನ್ನು ಜೀವಂತವಾಗಿ ಕೋರ್ಟಿಗೆ ಮುಟ್ಟಿಸುವುದು ಪ್ರೈವೇಟ್ ಡಿಟೆಕ್ಟಿವ್ ಆದ ನನ್ನ ಕೆಲಸ.

ಮುಂದೆ ನಲವತ್ತು ಮೈಲಿ ಸಮುದ್ರ!

"ಅತ್ತಿಗೆ, ಕೆಳಗೆ ಹೋಗ್ತಿದ್ದೀವಿ!"

"ಗೊತ್ತು."

"ಮುಳುಗ್ತೀವಿ!"

"ಮನೇಲೂ ಹಿಂಗೇ ಬಡ್ಕೋತೀಯ. ತೆಪ್ಪಗಿರು."

ಐನೂರು ಅಡಿ... ಇನ್ನೂರು... ಐವತ್ತು... ನಾನು ಕಾಲುಗಳನ್ನು ಸೀಟಿನ ಮೇಲೆ ಎತ್ತಿಕೊಂಡೆ.

ಹತ್ತು!

ಅಲ್ಲಿಗೆ ನಿಂತಿತು. ಕೆಳಗೆ ಯಾರೋ ಹಾಸಿಗೆ ಹಾಸಿಟ್ಟಂತೆ ವಿಮಾನ ನೀರಿನ ಮೇಲೆ ಜಾರತೊಡಗಿತು.

"ಏನಿದು ಮಾಯೆ?"

"ಮಾಯೆ ಅಲ್ಲ, ಗಾಳಿ," ಎಂದಳು ಅತ್ತಿಗೆ. "ಮೇಲಿದ್ದಾಗ ರೆಕ್ಕೆ ತುದೀಲಿ ಗಾಳಿ ಸುಳಿ ಸುತ್ತುತ್ತೆ. ಅದೇ ನಮ್ಮನ್ನ ಹಿಂದಕ್ಕೆ ಎಳೆಯೋದು. ನೀರಿಗೆ ಇಷ್ಟು ಹತ್ತಿರ ಬಂದ್ರೆ ಸುಳಿ ಬಿಚ್ಚಿಕೊಳ್ಳೋಕೆ ಜಾಗಾನೇ ಇರಲ್ಲ. ಎಳೆತ ಕಮ್ಮಿ, ಎತ್ತೋ ಬಲ ಜಾಸ್ತಿ. ಒಂದು ಎಂಜಿನ್ ಸಾಕು."

"ಸ್ವಲ್ಪ ಮೇಲೆ ಹೋಗಬಹುದಾ ತಾಯಿ?" ಮೇಸ್ತ್ರಿಯ ಹಲ್ಲು ಕಟಕಟ ಎನ್ನುತ್ತಿತ್ತು.

"ಹೋದ್ರೆ ಎಳೆತ ವಾಪಸ್ ಬರುತ್ತೆ. ಆಮೇಲೆ ಈಜಬೇಕು."

ಮೇಸ್ತ್ರಿ ಸೀಟ್ ಬೆಲ್ಟನ್ನು ಇನ್ನಷ್ಟು ಬಿಗಿದುಕೊಂಡ.

ಅರ್ಧ ದಾರಿಯಲ್ಲಿ ಸ್ಪೀಡ್‌ಬೋಟು ಅಡ್ಡ ನಿಂತಿತ್ತು. ದ್ವೀಪದಿಂದ ಫೋನ್ ಹೋಗಿರಬೇಕು. ಮೂವರು, ಮೂರು ಬಂದೂಕು.

"ತಿರುಗಿಸಿ ಅತ್ತಿಗೆ!"

"ವಾಲಿದ್ರೆ ರೆಕ್ಕೆ ನೀರಿಗೆ ತಾಗುತ್ತೆ. ನೇರ ಹೋಗೋದೇ!"

ನೇರ ಹೋದಳು! ಗಾಜು ಸಿಡಿಯಿತು. ನನ್ನ ಕಿವಿಯ ತುದಿ ಹರಿಯಿತು. ಬೋಟಿನವರ ಮೀಸೆ ಕಾಣುವಷ್ಟು ಹತ್ತಿರ... ಮೂವರೂ ಬಂದೂಕು ಬಿಸಾಕಿ ಸಮುದ್ರಕ್ಕೆ ಹಾರಿದರು. ಅತ್ತಿಗೆ ಕಡೇ ಗಳಿಗೆಯಲ್ಲಿ ಮೂತಿ ಎತ್ತಿದಳು. ಬೋಟಿನ ಮೇಲಿಂದ ದಾಟಿದೆವು. ವಿಮಾನ ಕುಸಿಯಿತು, ಬಾಲ ಅಲೆಗೆ ಫಟಾರನೆ ಬಡಿಯಿತು, ಮತ್ತೆ ಗಾಳಿಯ ಹಾಸಿಗೆ ಸಿಕ್ಕಿತು.

ಉಸಿರು ಬಿಟ್ಟೆ. ಬಿಡಬಾರದಿತ್ತು.

ದಡದ ರನ್‌ವೇ ಮೇಲೆ ವಿಮಾನ ಇಳಿಯಲೇ ಒಲ್ಲದು! ತೇಲುತ್ತಲೇ ಇತ್ತು. ಇಷ್ಟು ಹೊತ್ತು ಹೊತ್ತು ತಂದ ಗಾಳಿಯೇ ಈಗ ಕೆಳಗಿಡಲು ತಯಾರಿರಲಿಲ್ಲ. ಎದುರಿಗೆ ಕಾಂಪೌಂಡ್ ಗೋಡೆ ಓಡಿ ಬರುತ್ತಿತ್ತು.

"ಅದುಮಿ, ಕೆಳಗೆ ಅದುಮಿ!"

"ಅದುಮಿದ್ರೆ ಪುಟಿಯುತ್ತೆ. ಸ್ಪೀಡ್ ಸಾಯಲಿ, ತಡಿ..."

ಎಂಜಿನ್ ಪೂರ್ತಿ ಆಫ್ ಮಾಡಿದಳು. ನಿಶ್ಶಬ್ದ. ಮೇಸ್ತ್ರಿ ಹೆಂಡತಿಯ ಹೆಸರು ಜಪಿಸುತ್ತಿದ್ದ.

ಚಕ್ರ ನೆಲ ಕಚ್ಚಿತು. ಬ್ರೇಕ್ ಕಿರುಚಿತು. ಗೋಡೆಗೂ ಮೂತಿಗೂ ನಡುವೆ ಒಂದು ಮೊಳ ಉಳಿಯಿತು.

ಎರಡೂ ಐವತ್ತಕ್ಕೆ ಮೇಸ್ತ್ರಿ ಕಟಕಟೆ ಹತ್ತಿದ.

"ನಿಮಗೆ ಭಯ ಆಗ್ತಿಲ್ವೇನ್ರಿ?" ಎಂದು ಕಂಟ್ರಾಕ್ಟರನ ವಕೀಲ ಗುಡುಗಿದ.

"ಆಯ್ತು ಸ್ವಾಮಿ, ಬರೋ ದಾರೀಲಿ. ಈಗ ಖಾಲಿ," ಎಂದ ಮೇಸ್ತ್ರಿ. ಆಮೇಲೆ ಎಲ್ಲವನ್ನೂ ಹೇಳಿದ.

ಅವನು ತೋರಿಸಿದ ಸೇತುವೆಯ ಕಂಬವನ್ನು ಮರುದಿನ ಒಡೆಸಿದರು. ಎಂಜಿನಿಯರ್ ಒಳಗೇ ಇದ್ದ.

ಆ ಕಂಟ್ರಾಕ್ಟರ್ ಕಟ್ಟಿದ್ದರಲ್ಲೆಲ್ಲ ಸಿಮೆಂಟು ಸರಿಯಾಗಿ ಹಾಕಿದ್ದು ಆ ಕಂಬಕ್ಕೊಂದಕ್ಕೇ!