ಎರಡು ರಿಂಗುಗಳ ಕಳವು

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಸಿಗೆ ವ್ಯಾಪಾರಿ ಠಾಣೆಗೆ ಬಂದು ದೂರು ಕೊಟ್ಟ. ಅವನ ಒಡೆತನದ ಬಾಸ್ಕೆಟ್‌ಬಾಲ್ ತಂಡದ ಕೊನೆಯ ಪಂದ್ಯ ಮರುದಿನ ಸಂಜೆ. ಕ್ರೀಡಾಂಗಣದ ಎರಡೂ ರಿಂಗುಗಳನ್ನು ಯಾರೋ ಬಿಚ್ಚಿಕೊಂಡು ಹೋಗಿದ್ದರು. ತಂಡ ಹುಟ್ಟಿ ಐದು ತಿಂಗಳಾಗಿತ್ತು. ಎರಡನೇ ದರ್ಜೆಯ ಲೀಗಿನಲ್ಲೂ ಒಂದೂ ಪಂದ್ಯ ಗೆದ್ದಿರಲಿಲ್ಲ. ಆಟಗಾರರ ಜೆರ್ಸಿಯ ಮೇಲೆ ತಂಡದ ಹೆಸರಿಗಿಂತ ದಿಂಬಿನ ಚಿತ್ರ ದೊಡ್ಡದಾಗಿತ್ತು.

“ಯಾರ ಮೇಲಾದ್ರೂ ಅನುಮಾನ?” ಇನ್‌ಸ್ಪೆಕ್ಟರ್ ಕೇಳಿದರು.

“ಯಾರಾದ್ರೇನು ಸಾರ್? ಮೊದ್ಲು ಎಫ್‌ಐಆರ್ ಪ್ರತಿ ಕೊಡಿ. ಪೇಪರ್‌ನವರಿಗೆ ತೋರಿಸ್ಬೇಕು.”

ಇಷ್ಟು ಖುಷಿಯಾಗಿದ್ದ ದೂರುದಾರನನ್ನು ಇನ್‌ಸ್ಪೆಕ್ಟರ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಎಫ್‌ಐಆರ್ ದಾಖಲಾಯಿತು.

ಹನ್ನೆರಡೂವರೆಗೆ ಕ್ರೀಡಾಂಗಣದಲ್ಲಿ ಪಂಚನಾಮೆ. ಏಣಿಯಿದ್ದ ಕೋಣೆಯ ಬೀಗ ತೆಗೆದಿರಲಿಲ್ಲ. ರಿಂಗಿದ್ದ ಜಾಗದ ಕೆಳಗೆ ಒಂದು ಕುರ್ಚಿ ಬಿದ್ದಿತ್ತು. ಕಾನ್‌ಸ್ಟೇಬಲ್ ಅದನ್ನು ಹತ್ತಿ ತುದಿಗಾಲಲ್ಲಿ ನಿಂತರೂ ಕೈಗೆ ಬೋಲ್ಟು ಎಟುಕಲಿಲ್ಲ.

“ಇಳೀರಿ, ಸೊಂಟ ಮುರ್ಕೊಂಡೀರಿ,” ಅಂದರು ಇನ್‌ಸ್ಪೆಕ್ಟರ್. “ಇದು ತಂಡದವನದೇ ಕೆಲಸ.”

ವಾಚ್‌ಮನ್ ಕಿಸಕ್ಕನೆ ನಕ್ಕ. “ತಂಡ ಎಲ್ಲಿದೆ ಸಾರ್? ಮುಚ್ತೀನಿ ಅಂತ ಯಜಮಾನ್ರು ಸೋಮವಾರವೇ ಲೀಗಿನವರಿಗೆ ಹೇಳಾಯ್ತು. ನಾಳೆ ಪಂದ್ಯವೂ ಇಲ್ಲ, ಇಲ್ಲಿ ಅವರದೇ ಹಾಸಿಗೆ ಮೇಳ.”

“ಆಟಗಾರರಿಗೆ?”

“ಹೇಳಿಲ್ಲ. ಹೇಳಿದ್ರೆ ಅಂಗಡಿ ಬಾಗಿಲಲ್ಲಿ ಯಾರು ನಿಲ್ತಾರೆ?”

ಪಂದ್ಯ ರದ್ದಾದದ್ದಕ್ಕೆ ಹೊಣೆ ಹೊರಲು ವ್ಯಾಪಾರಿಗೆ ಪುಕ್ಕಟೆ ಒಬ್ಬ ಕಳ್ಳ ಸಿಕ್ಕಿದ್ದ. ಇನ್‌ಸ್ಪೆಕ್ಟರಿಗೆ ಅಸಹ್ಯವಾಯಿತು.

ಕುರ್ಚಿಯ ಮೇಲೆ ನಿಂತರೆ ರಿಂಗು ಎಟುಕುವವರು ತಂಡದಲ್ಲಿ ಮೂವರು. ಬೆಳಿಗ್ಗೆ ಒಂಬತ್ತಕ್ಕೆ ರಿಂಗುಗಳಿದ್ದದ್ದನ್ನು ವಾಚ್‌ಮನ್ ನೋಡಿದ್ದ. ಇಬ್ಬರು ಅದಕ್ಕೂ ಮುಂಚಿನಿಂದ ವ್ಯಾಪಾರಿಯ ಅಂಗಡಿ ಮುಂದೆ ಜೆರ್ಸಿ ತೊಟ್ಟು ಗಿರಾಕಿಗಳಿಗೆ ಕೈ ಬೀಸುತ್ತಿದ್ದರು. ಮೂರನೆಯವನು ನಾಯಕ. ನಾನೇನು ಅಂಗಡಿ ಗೊಂಬೆಯಾ ಎಂದು ಅವನು ಹೋಗಿರಲಿಲ್ಲ. ತಂಡದಲ್ಲಿ ಮಾನ ಮರ್ಯಾದೆ ಇದ್ದವನು ಅವನೊಬ್ಬನೇ, ಕಳ್ಳನೂ ಅವನೇ ಆಗಬೇಕೇ?

ನಾಯಕ ಇದ್ದದ್ದು ಮಾವನ ಮನೆಯಲ್ಲಿ. ಬಾಗಿಲು ತೆರೆದ ಹೆಂಡತಿ ಏನನ್ನೂ ಕೇಳಲಿಲ್ಲ. “ಮಂಚದ ಕೆಳಗಿದೆ, ತಗೊಂಡ್ ಹೋಗಿ. ಬೆಳಿಗ್ಗೆಯಿಂದ ಕಸ ಗುಡಿಸೋಕೂ ಬಿಡ್ತಿಲ್ಲ.”

ರಿಂಗುಗಳನ್ನು ಪಂಚರ ಎದುರು ವಶಕ್ಕೆ ಪಡೆದರು. ಮೂರು ಗಂಟೆಗೆ ನಾಯಕ ಠಾಣೆಯಲ್ಲಿದ್ದ.

“ಯಾಕ್ರೀ?”

“ಈ ಪಂದ್ಯ ಮುಗಿದ್ರೆ ತಂಡ ಮುಚ್ತಾರೆ ಅಂತ ಗುಸುಗುಸು ಇತ್ತು ಸಾರ್. ಪಂದ್ಯ ಮುಂದಕ್ಕೆ ಹೋದ್ರೆ ಇನ್ನೊಂದ್ ವಾರ ಆಟಗಾರ ಅನ್ನಿಸ್ಕೋಬಹುದಿತ್ತು. ಆಮೇಲೆ ಮಾವನ ಬಣ್ಣದಂಗಡೀಲಿ ಡಬ್ಬ ಎತ್ತೋದು ಇದ್ದೇ ಇದೆ. ಚಿಕ್ಕೋನಿದ್ದಾಗಿಂದ ಆಡಿದೀನಿ, ಸಂಬಳಕ್ಕೆ ಅಂತ ಆಡಿದ್ದು ಈ ಐದೇ ತಿಂಗಳು.”

ಇನ್‌ಸ್ಪೆಕ್ಟರ್ ಸೋಮವಾರದ ವಿಷಯ ಹೇಳಿದರು. ಆ ಎತ್ತರದವನು ಠಾಣೆಯ ಬೆಂಚಿನ ಮೇಲೆ ಮುದುಡಿ ಕೂತದ್ದು ನೋಡಲಾಗುತ್ತಿರಲಿಲ್ಲ.

ಬಂಧನದ ಪತ್ರ ತುಂಬುತ್ತಿದ್ದ ಕಾನ್‌ಸ್ಟೇಬಲ್ ತಲೆಯೆತ್ತಿದರು. “ವೃತ್ತಿ?”

“ಬಾಸ್ಕೆಟ್‌ಬಾಲ್ ಆಟಗಾರ,” ಅಂದ ನಾಯಕ.

ಕಾನ್‌ಸ್ಟೇಬಲ್ ಇನ್‌ಸ್ಪೆಕ್ಟರ್ ಮುಖ ನೋಡಿದರು.

“ಬರ್ಕೊಳ್ರೀ,” ಅಂದರು ಇನ್‌ಸ್ಪೆಕ್ಟರ್. “ಅಲ್ಲ ಅನ್ನೋಕೆ ಯಾರು ಬರ್ತಾರೆ?”